ಲಿಫ್ಟಿನ ಇಂಗ್ಲಿಷ್, ಗಲ್ಲೆಯ ಇಂಗ್ಲಿಷ್: ಮುಂಬಯಿ ಕನ್ನಡಿಗರಿಗೆ ಆಡುಮಾತಿನ ಸಮಗ್ರ ಮಾರ್ಗದರ್ಶಿ

ಮುಂಬಯಿಗೆ ಬಂದು ಹತ್ತು ವರ್ಷವಾದ ಕನ್ನಡಿಗರಿಗೆ ಇಂಗ್ಲಿಷೇ ಬರುವುದಿಲ್ಲ ಎನ್ನುವುದು ಅಪರೂಪ. ಬ್ಯಾಂಕಿನ ಫಾರ್ಮು ತುಂಬುತ್ತಾರೆ, ಸೊಸೈಟಿಯ ನೋಟಿಸು ಓದುತ್ತಾರೆ, ಆಫೀಸಿಗೆ ಇಮೇಲು ಬರೆಯುತ್ತಾರೆ. ತೊಡಕಾಗುವುದು ಬೇರೆ ಕಡೆ. ಲಿಫ್ಟಿನಲ್ಲಿ ಸಿಕ್ಕ ಮ್ಯಾನೇಜರು "ಹೌ ವಾಸ್ ಯುವರ್ ವೀಕೆಂಡ್?" ಅಂದರೆ "ಗುಡ್ ಸರ್" ಅಂದು ಬಾಯಿ ಮುಚ್ಚಿಹೋಗುತ್ತದೆ, ಮುಂದಿನ ಹನ್ನೊಂದು ಮಹಡಿ ಇಬ್ಬರೂ ಲಿಫ್ಟಿನ ನಂಬರು ನೋಡುತ್ತಾ ನಿಲ್ಲುತ್ತಾರೆ. ಗ್ರಾಂಥಿಕ ಕನ್ನಡಕ್ಕೂ ಜಗಲಿಯ ಮಾತಿಗೂ ಎಷ್ಟು ದೂರವೋ, ಫಾರ್ಮಿನ ಇಂಗ್ಲಿಷಿಗೂ ಲಿಫ್ಟಿನ ಇಂಗ್ಲಿಷಿಗೂ ಅಷ್ಟೇ ದೂರ.

ಪದಗಳ ಕೊರತೆ ಇದಕ್ಕೆ ಕಾರಣವಲ್ಲ. ಮಾತಿನ ಇಂಗ್ಲಿಷಿಗೆಂದೇ ಸಿದ್ಧಪಡಿಸಿದ ನ್ಯೂ ಜನರಲ್ ಸರ್ವಿಸ್ ಲಿಸ್ಟಿನ ಪಟ್ಟಿಯಲ್ಲಿರುವುದು 721 ಪದ. ದಿನಬಳಕೆಯ ಮಾತಿನಲ್ಲಿ ನೂರಕ್ಕೆ ಸುಮಾರು 90 ಪದ ಈ ಪಟ್ಟಿಯವೇ. ಗೆಟ್, ಪುಟ್, ಟೇಕ್, ಜಸ್ಟ್, ಔಟ್, ಅಪ್: ಎಲ್ಲವೂ ಏಳನೇ ಕ್ಲಾಸಿನೊಳಗೆ ಕಲಿತವು. ಗೊತ್ತಿಲ್ಲದ್ದು ಅವು ಒಂದಕ್ಕೊಂದು ಅಂಟಿಕೊಳ್ಳುವ ಬಗೆ. ಅದನ್ನು ಡಿಕ್ಷನರಿಗಿಂತ ಚೆನ್ನಾಗಿ ನಮ್ಮ ಆಡುಗನ್ನಡವೇ ಕಲಿಸುತ್ತದೆ. ಇಲ್ಲಿನ ಹೆಜ್ಜೆಗಳೆಲ್ಲ ಆ ದಾರಿಯವು.

ದಿನಕ್ಕೆ 25 ನಿಮಿಷ ಎತ್ತಿಡಿ. ಹತ್ತು ನಿಮಿಷ ಕೇಳುವುದಕ್ಕೆ, ಎಂಟು ನಿಮಿಷ ನೆನಪಿನ ಚೀಟಿಗಳಿಗೆ (ಅವನ್ನು ಮಾಡುವ ಬಗೆ ಮುಂದೆ, ಐದು ಖಾನೆಯ ಡಬ್ಬದಲ್ಲಿದೆ), ಉಳಿದ ಏಳು ಬಾಯಿ ಬಿಟ್ಟು ಹೇಳುವುದಕ್ಕೆ. ಭಾನುವಾರ ಮೂರು ಗಂಟೆ ಕೂತು ಮುಗಿಸುತ್ತೇನೆ ಎನ್ನುವ ಲೆಕ್ಕ ಭಾಷೆಯ ವಿಷಯದಲ್ಲಿ ನಡೆಯುವುದಿಲ್ಲ.

ಮೊದಲ ವಾರ: ಬಾಯಿಗೆ ರಜೆ, ಕಿವಿಗೆ ಕೆಲಸ

ನಿಮಗೆ ಇಂಗ್ಲಿಷ್ ಬೇಕಾಗಿರುವುದು ಎಲ್ಲಿ ಎಂದು ಮೊದಲು ಗುರುತು ಮಾಡಿ. ಮಾಟುಂಗದ ಉಡುಪಿ ಹೋಟೆಲಿನ ಗಲ್ಲೆಯಲ್ಲಿ, ಅಂದರೆ ದುಡ್ಡಿನ ಕೌಂಟರಿನಲ್ಲಿ, ಕೂರುವವರಿಗೆ ಬೇಕಾದ ಮಾತು ಬೇರೆ, ಪುಣೆಯ ಹಿಂಜೆವಾಡಿಯಲ್ಲಿ ಕ್ಲೈಂಟ್ ಕಾಲಿಗೆ ಕೂರುವವರದು ಬೇರೆ, ಗೋವಾದ ಕಲಂಗುಟಿನ ಬೀಚಿನಲ್ಲಿ ಶ್ಯಾಕ್ ಎಂಬ ಪುಟ್ಟ ಹೋಟೆಲು ನಡೆಸುವವರದು ಬೇರೆ, ಮಗುವಿನ ಶಾಲೆಯ ಮೀಟಿಂಗಿಗೆ ಹೋಗುವ ತಾಯಿಯದು ಇನ್ನೂ ಬೇರೆ. ಇಂಥ ಹತ್ತು ಸಂದರ್ಭ ಬರೆದಿಟ್ಟುಕೊಳ್ಳಿ. ಹನ್ನೊಂದನೆಯದು ಬೇಡ.

ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ಕಿಗೆ ಮೂರು ಕಾಲಂ ಗೆರೆ ಎಳೆಯಿರಿ. ಮೊದಲನೆಯದರಲ್ಲಿ ಕೇಳಿದ ಮಾತು ಇಡಿಯಾಗಿ ಬರಲಿ. ಒಂಟಿ ಪದ ಬರೆಯಬೇಡಿ. ಎರಡನೆಯದರಲ್ಲಿ ಯಾರು, ಯಾರಿಗೆ, ಯಾವಾಗ ಅಂದರು ಎಂಬುದು. ಮೂರನೆಯದರಲ್ಲಿ ಅದೇ ಗಳಿಗೆಯಲ್ಲಿ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು ಎಂಬುದು. ಇಲ್ಲಿ ಡಿಕ್ಷನರಿಯ ಅರ್ಥ ಬರೆದರೆ ಪುಸ್ತಕ ದಂಡ.

ಉದಾಹರಣೆಗೆ ಒಂದೇ ಒಂದು ಸಾಲು ನೋಡಿ. ಇನ್ನೊಂದು ಕಾಫಿ ತರಲಾ ಅಂದಾಗ ಗಿರಾಕಿ "ಐಯಾಮ್ ಗುಡ್" ಅನ್ನುತ್ತಾನೆ. ಡಿಕ್ಷನರಿ ಹಿಡಿದು ಹೋದರೆ "ನಾನು ಒಳ್ಳೆಯವನು" ಎಂದಾಗುತ್ತದೆ. ಮನೆಯ ಊಟದ ಪಂಕ್ತಿಯಲ್ಲಿ, ಬಡಿಸುವವರು ಎದುರು ನಿಂತಾಗ, ಎಲೆಯ ಮೇಲೆ ಕೈ ಅಡ್ಡ ಹಿಡಿದು ಏನನ್ನುತ್ತೇವೆ? "ಸಾಕು, ಸಾಕು." ಮೂರನೇ ಕಾಲಮ್ಮಿಗೆ ಬರಬೇಕಾದದ್ದು ಅದು. ಹಾಗೆ ಬರೆದುಕೊಂಡವರಿಗೆ ಆ ಮಾತು ಮತ್ತೆ ಮರೆಯುವುದಿಲ್ಲ, ಯಾಕೆಂದರೆ ಅದಕ್ಕೊಂದು ಎಲೆ, ಒಂದು ಕೈ, ಒಂದು ಗಳಿಗೆ ಅಂಟಿಕೊಂಡಿದೆ.

ಎಲ್ಲಿ ಕೇಳಬೇಕು ಎಂಬುದೂ ಮುಖ್ಯ. ಲೋಕಲ್ ರೈಲಿನ ಪ್ರಕಟಣೆ ದಿನಾ ಕಿವಿಗೆ ಬೀಳುತ್ತದೆ, ಆದರೆ ಅದು ಫಾರ್ಮಿನ ಇಂಗ್ಲಿಷ್. ರೈಲಿನ ಭಾಷೆಯಲ್ಲಿ ಗಾಡಿ "ಹಾಲ್ಟ್" ಆಗುತ್ತದೆ, ಪ್ರಯಾಣಿಕರು "ಅಲೈಟ್" ಆಗುತ್ತಾರೆ. ಬಾಗಿಲ ಬಳಿ ನಿಂತವರು ಯಾರೂ ಹಾಗೆ ಮಾತಾಡುವುದಿಲ್ಲ. ಅವರದು "ಸ್ಟಾಪ್", "ಗೆಟ್ ಆಫ್". ಸುದ್ದಿ ಚಾನೆಲ್ಲೂ ಅಷ್ಟಾಗಿ ಉಪಯೋಗವಿಲ್ಲ. ಇಬ್ಬರು ಸ್ನೇಹಿತರು ಕೂತು ಹರಟುವ ಪಾಡ್‌ಕಾಸ್ಟ್, ಅಡುಗೆ ಮಾಡುತ್ತಾ ಮಾತಾಡುವ ವಿಡಿಯೋ, ಬಿಬಿಸಿ ಲರ್ನಿಂಗ್ ಇಂಗ್ಲಿಷಿನ ಪುಟ್ಟ ಸಂಚಿಕೆಗಳು ಒಳ್ಳೆಯವು. ಡೊಂಬಿವಲಿಯಿಂದ ಹೊರಟ ಬೆಳಗಿನ ಗಾಡಿಯಲ್ಲಿ ಜೇಬಿಗೆ ಕೈ ಹಾಕುವುದಕ್ಕೂ ಜಾಗವಿರುವುದಿಲ್ಲ. ಆದ್ದರಿಂದ ರೈಲಿನಲ್ಲಿ ಕೇಳುವುದು ಮಾತ್ರ, ಬರೆಯುವುದು ಮನೆಗೆ ಬಂದ ಮೇಲೆ.

ಇಂಗ್ಲಿಷಿನಲ್ಲೂ ಸಂಧಿ ಇದೆ

"ಅವರು ತುಂಬಾ ಸ್ಪೀಡಾಗಿ ಮಾತಾಡ್ತಾರೆ" ಎಂಬ ದೂರು ಎಲ್ಲರದೂ. ಇಂಗ್ಲಿಷ್ ಮನೆಮಾತಿನವರ ಮಾತು ಅಷ್ಟೇನೂ ಬೇಗದ್ದಲ್ಲ. ಪದಗಳನ್ನು ಕೂಡಿಸಿ ಆಡುತ್ತಾರೆ, ಅಷ್ಟೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಲೋಪ, ಆಗಮ, ಆದೇಶ ಸಂಧಿಗಳು ಕೊನೆಗೂ ಉಪಯೋಗಕ್ಕೆ ಬರುವ ಜಾಗ ಇದು.

ಮನೆ, ಅನ್ನು ಸೇರಿದಾಗ "ಮನೆಯನ್ನು" ಆಗಿ ನಡುವೆ ಯಕಾರ ಬರುತ್ತದಲ್ಲ, ಹಾಗೆಯೇ "ಸೀ ಇಟ್" ಎಂಬುದು ಬಾಯಲ್ಲಿ "ಸೀಯಿಟ್" ಆಗುತ್ತದೆ. ಗುರು, ಅನ್ನು ಸೇರಿ "ಗುರುವನ್ನು" ಆದಂತೆ "ಗೋ ಆನ್" ಎಂಬುದು "ಗೋವಾನ್" ಆಗುತ್ತದೆ. ಊರು, ಅಲ್ಲಿ ಸೇರಿ "ಊರಲ್ಲಿ" ಆದಾಗ ಒಂದು ಸ್ವರ ಬಿದ್ದುಹೋಗುತ್ತದೆ. ಇಂಗ್ಲಿಷಿನಲ್ಲಿ ಬೀಳುವುದು ವ್ಯಂಜನ. "ನೆಕ್ಸ್ಟ್ ಡೇ" ಎಂಬುದು "ನೆಕ್ಸ್ ಡೇ", "ಲಾಸ್ಟ್ ನೈಟ್" ಎಂಬುದು "ಲಾಸ್ ನೈಟ್". ಮಳೆ, ಕಾಲ ಸೇರಿ "ಮಳೆಗಾಲ" ಆದಂತೆ "ಡಿಡ್ ಯೂ" ಎಂಬುದು "ಡಿಜು", "ಡೋಂಟ್ ಯೂ" ಎಂಬುದು "ಡೋಂಚು". ಇನ್ನು "ಪಿಕ್ ಇಟ್ ಅಪ್" ಎಂಬ ಮೂರು ಪದ ಬರುವುದು "ಪಿಕಿಟಪ್" ಎಂಬ ಒಂದೇ ಉಸಿರಿನಲ್ಲಿ. "ವಾಂಟ್ ಟು" ಸವೆದು "ವಾನ", "ಗೋಯಿಂಗ್ ಟು" ಸವೆದು "ಗನ", "ಲೆಟ್ ಮೀ" ಸವೆದು "ಲೆಮ್ಮಿ", "ಡೋಂಟ್ ನೋ" ಸವೆದು "ಡನೋ".

ಇದಕ್ಕೆ ಅಭ್ಯಾಸ ಹೀಗೆ. ಒಂದು ನಿಮಿಷದ ತುಣುಕನ್ನಷ್ಟೇ ಆರಿಸಿ. ಸಬ್‌ಟೈಟಲ್ ಇಲ್ಲದೆ ಎರಡು ಸಲ ಕೇಳಿ. ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಸ್ಪೆಲ್ಲಿಂಗ್ ಬೇಡವೇ ಬೇಡ. ಕೇಳಿದ್ದು "ವಾಡಯ ಥಿಂಕ್" ಆದರೆ ಹಾಗೇ ಬರೆಯಿರಿ. ಕೇಳಿದ ಹಾಗೆ ಬರೆಯಲು ನಮ್ಮ ಲಿಪಿಯಷ್ಟು ಅನುಕೂಲದ್ದು ಸಿಗಲಿಕ್ಕಿಲ್ಲ. ಆಮೇಲೆ ಸಬ್‌ಟೈಟಲ್ ಹಾಕಿ ಎರಡನ್ನೂ ಎದುರು ಬದುರು ಇಟ್ಟು ನೋಡಿ: ಅದು "ವಾಟ್ ಡು ಯೂ ಥಿಂಕ್". ವ್ಯತ್ಯಾಸವಾದ ಕಡೆಯೆಲ್ಲ ಗೆರೆ ಎಳೆಯಿರಿ. ವಿಡಿಯೋದ ವೇಗವನ್ನು 0.75ಕ್ಕೆ ಇಳಿಸುವುದು ಮೊದಲ ವಾರಕ್ಕೆ ಸರಿ. ನಂತರವೂ ಹಾಗೇ ಬಿಟ್ಟರೆ ಕಿವಿ ಸೋಮಾರಿಯಾಗುತ್ತದೆ.

ಬಾಯಿಯಲ್ಲಿ ಆಗುವ ತಪ್ಪು ಇದರ ತಿರುವುಮುರುವು. ಕನ್ನಡಕ್ಕೆ ಪದ ಸ್ವರದಲ್ಲಿ ಮುಗಿದರೇ ಸಮಾಧಾನ. ಬಸ್ಸು, ಕಾರು, ಬ್ಯಾಂಕು. ಕನ್ನಡ ಮಾತಾಡುವಾಗ ಅದು ಚೆಂದವೇ. ಇಂಗ್ಲಿಷ್ ವಾಕ್ಯದೊಳಗೆ "ಐ ಟುಕ್ಕು ದ ಬಸ್ಸು" ಎಂದಾದರೆ ಮಾತ್ರ ಕೇಳುವವರಿಗೆ ಪದಗಳ ಗಡಿ ತಪ್ಪುತ್ತದೆ. ಇನ್ನೊಂದು, ಪದದ ಒಂದೇ ಭಾಗಕ್ಕೆ ಒತ್ತು ಕೊಟ್ಟು ಉಳಿದದ್ದನ್ನು ನುಂಗುವುದು. "ಕಂಫರ್ಟಬಲ್" ನಾಲ್ಕು ಏಟಿನ ಪದವಲ್ಲ, "ಕಂಫ್‌ಟಬಲ್". "ವೆಜಿಟೇಬಲ್" ಎಂಬುದು "ವೆಜ್‌ಟಬಲ್". ಅಲ್ಲಿ ಟೇಬಲ್ಲು ಇಲ್ಲ.

ಅಂತೆ, ಗಿಂತೆ, ಒಂಥರಾ

ಆಡುಮಾತಿಗೆ ಜೀವ ಬರುವುದು ಸಣ್ಣ ಪದಗಳಿಂದ. ಶಬ್ದಭಂಡಾರ ಹೆಚ್ಚಿಸಿ ಎನ್ನುವವರು ಇವನ್ನು ಕಡೆಗಣಿಸುತ್ತಾರೆ, ನಷ್ಟ ಅವರದೇ.

"ಅವರು ಬರಲ್ವಂತೆ" ಎನ್ನುವುದನ್ನು ನಾವು "ಹಿ ಈಸ್ ನಾಟ್ ಕಮಿಂಗ್ ಇಟ್ ಸೀಮ್ಸ್" ಅನ್ನುತ್ತೇವೆ. ದಕ್ಷಿಣ ಭಾರತದವರು ಎಂದು ಒಂದೇ ಏಟಿಗೆ ಗುರುತಾಗುವ ವಾಕ್ಯ ಅದು. "ಅಂತೆ"ಗೆ ಇಂಗ್ಲಿಷ್ ಮನೆಮಾತಿನವರ ಪದ "ಅಪೇರಂಟ್ಲಿ". ಅದೂ ವಾಕ್ಯದ ತಲೆಯಲ್ಲಿ: "ಅಪೇರಂಟ್ಲಿ ಹೀಸ್ ನಾಟ್ ಕಮಿಂಗ್". "ನನಗೇನೂ ಗೊತ್ತಿಲ್ಲಪ್ಪ, ಯಾರೋ ಹೇಳಿದ್ದು" ಎಂಬ ಹೊಣೆ ತಪ್ಪಿಸಿಕೊಳ್ಳುವ ಧಾಟಿ ಎರಡಕ್ಕೂ ಒಂದೇ.

"ಒಂಥರಾ" ಎಂಬುದು "ಕೈಂಡಾ" ಅಥವಾ "ಸಾರ್ಟ್ ಆಫ್". "ಕಾಫಿ ಗೀಫಿ ಕುಡಿಯೋಣ್ವಾ" ಎಂಬುದಕ್ಕೆ "ವಾನ ಗ್ರ್ಯಾಬ್ ಎ ಕಾಫಿ ಆರ್ ಸಮ್‌ಥಿಂಗ್?" ಗೀಫಿಯ ಜಾಗದಲ್ಲಿ ನಿಂತದ್ದು "ಆರ್ ಸಮ್‌ಥಿಂಗ್". "ಬಟ್ಟೆ ಗಿಟ್ಟೆ" ಆದರೆ "ಕ್ಲೋತ್ಸ್ ಅಂಡ್ ಸ್ಟಫ್". "ಆರೂವರೆ ಸುಮಾರಿಗೆ" ಎನ್ನಲು "ಸಿಕ್ಸ್ ಥರ್ಟಿ"ಗೆ ಒಂದು "ಇಶ್" ಅಂಟಿಸಿದರೆ ಆಯಿತು. "ಪಾಪ" ಎಂಬುದು "ಪೂರ್ ಥಿಂಗ್", "ಸದ್ಯ, ಮಳೆ ನಿಂತಿತು" ಎನ್ನುವ "ಸದ್ಯ" ಎಂಬುದು "ಥ್ಯಾಂಕ್ ಗಾಡ್". "ಹೌದಾ?" ಎನ್ನುವಲ್ಲಿ ನಮ್ಮವರು "ಈಸ್ ಇಟ್?" ಅನ್ನುತ್ತಾರೆ, "ರಿಯಲಿ?" ಅಥವಾ "ಓ ಯಾ?" ಸಾಕು.

ನಮ್ಮ "ಏ"ಕಾರದ ಒತ್ತು ಹೆಚ್ಚು ಕಾಡುತ್ತದೆ. "ಇಲ್ಲೇ ಇದ್ದೀನಿ" ಎಂಬುದು "ಐಯಾಮ್ ಹಿಯರ್ ಓನ್ಲಿ" ಆಗುತ್ತದೆ, "ನಿನ್ನೇನೇ ಹೇಳಿದ್ನಲ್ಲ" ಎಂಬುದು "ಯೆಸ್ಟರ್‌ಡೇ ಓನ್ಲಿ ಐ ಟೋಲ್ಡ್" ಆಗುತ್ತದೆ. ಹಿಂದಿಯ "ಹೀ", ಮರಾಠಿಯ "ಚ" ಕೂಡ ಇದೇ ಕಡೆಗೆ ಎಳೆಯುವುದರಿಂದ ಮುಂಬಯಿಯಲ್ಲಿ ಯಾರೂ ತಿದ್ದುವುದಿಲ್ಲ. "ಓನ್ಲಿ" ತೆಗೆದು "ರೈಟ್" ಅಥವಾ "ಜಸ್ಟ್" ಇಡಿ: "ಐಯಾಮ್ ರೈಟ್ ಹಿಯರ್", "ಐ ಜಸ್ಟ್ ಟೋಲ್ಡ್ ಯೂ ಯೆಸ್ಟರ್‌ಡೇ". "ಈಗ ತಾನೇ ಬಂದೆ" ಎಂಬುದು "ಐ ಜಸ್ಟ್ ಗಾಟ್ ಹಿಯರ್".

"ಪರವಾಗಿಲ್ಲ" ಒಂದೇ ಪದ ಅಂದುಕೊಂಡರೆ ಮೋಸ. ಕಾಲು ತುಳಿದು "ಸಾರಿ" ಅಂದವರಿಗೆ "ನೋ ವರೀಸ್". ಊಟ ಹೇಗಿತ್ತು ಅಂದರೆ "ನಾಟ್ ಬ್ಯಾಡ್". ಸೀಟು ಬಿಟ್ಟುಕೊಡಲು ಎದ್ದವರಿಗೆ "ನೋ, ಐಯಾಮ್ ಫೈನ್, ಥ್ಯಾಂಕ್ಸ್". ನೋಟ್‌ಬುಕ್ಕಿನಲ್ಲಿ ಇವು ಮೂರು ಬೇರೆ ಸಾಲುಗಳಾಗಿಯೇ ಬರಲಿ.

ಮನೆಯಿಂದ ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು ಎಂದು ಬೆಳೆದವರು ನಾವು. ಆಫೀಸಿನಿಂದ ಹೊರಡುವಾಗ "ಐ ವಿಲ್ ಕಮ್" ಅಂದರೆ ಎದುರಿನವರು ಎಲ್ಲಿಗೆ ಎಂದು ಕಾಯುತ್ತಾರೆ. "ಐಯಾಮ್ ಆಫ್, ಸೀ ಯೂ ಟುಮಾರೋ" ಅಂದರೆ ಅಪಶಕುನವೇನೂ ಇಲ್ಲ.

ತೆಗೆ, ಹಾಕು, ಬಿಡು

ಕ್ರಿಯಾಪದದ ಜೊತೆ ಅಪ್, ಆಫ್, ಔಟ್ ಅಂಟುವ ಜೋಡಿಗಳನ್ನು ಕಂಡರೆ ಎಲ್ಲರಿಗೂ ಹೆದರಿಕೆ. ಪಟ್ಟಿ ಹಿಡಿದು ಕೂತರೆ ಸಾವಿರಾರು ಇವೆ. ನಮ್ಮ ದಾರಿ ಅದಲ್ಲ. ಕನ್ನಡದ ಮೂರು ಕ್ರಿಯಾಪದಗಳನ್ನು ತೆಗೆದುಕೊಂಡು, ದಿನವಿಡೀ ಅವನ್ನು ಎಲ್ಲೆಲ್ಲಿ ಬಳಸುತ್ತೀರಿ ಎಂದು ಗಮನಿಸಿ.

"ತೆಗೆ" ನೋಡಿ. ಫೋಟೋ ತೆಗೆದರೆ "ಟೇಕ್". ಹೊಸಬರು "ರಿಮೂವ್ ಎ ಫೋಟೋ" ಅನ್ನುತ್ತಾರೆ, ಕೇಳಿದವರು ಇದ್ದ ಫೋಟೋ ಅಳಿಸುತ್ತಾರೆ. ಚಪ್ಪಲಿ ತೆಗೆದರೆ "ಟೇಕ್ ಆಫ್". "ಓಪನ್ ಯುವರ್ ಶೂಸ್" ಎಂಬುದು ಹಿಂದಿಯ "ಖೋಲೋ" ಮೂಲಕ ಬಂದ ಮಾತು. ಎಟಿಎಮ್ಮಿನಿಂದ ದುಡ್ಡು ತೆಗೆದರೆ "ಟೇಕ್ ಔಟ್". ಮುಗಿದುಹೋದ ಜಗಳದ ವಿಷಯ ತೆಗೆದರೆ "ಬ್ರಿಂಗ್ ಅಪ್": "ಡೋಂಟ್ ಬ್ರಿಂಗ್ ದಟ್ ಅಪ್ ನೌ". ಕೆಲಸದಿಂದ ತೆಗೆದರೆ "ಲೆಟ್ ಗೋ".

"ಹಾಕು" ಇನ್ನೂ ದೊಡ್ಡ ಸಂಸಾರ. ಫ್ಯಾನು ಹಾಕಿದರೆ "ಟರ್ನ್ ಆನ್", ಬಟ್ಟೆ ಹಾಕಿಕೊಂಡರೆ "ಪುಟ್ ಆನ್", ಬೀಗ ಹಾಕಿದರೆ "ಲಾಕ್ ಅಪ್", ರಜೆ ಹಾಕಿದರೆ "ಟೇಕ್ ದ ಡೇ ಆಫ್", ಪೆಟ್ರೋಲು ಹಾಕಿಸಿದರೆ "ಫಿಲ್ ಅಪ್". "ಬಿಡು" ಹೀಗೆ: ದಾದರ್‌ನಲ್ಲಿ ಬಿಡಿ ಅನ್ನಲು "ಡ್ರಾಪ್ ಮೀ ಆಫ್ ಅಟ್ ದಾದರ್", ಸಿಗರೇಟು ಬಿಟ್ಟೆ ಅನ್ನಲು "ಐ ಗೇವ್ ಅಪ್ ಸ್ಮೋಕಿಂಗ್", ಒಂದು ಸಾಲು ಬಿಟ್ಟಿದ್ದೀಯ ಅನ್ನಲು "ಯೂ ಲೆಫ್ಟ್ ಔಟ್ ಎ ಲೈನ್", ಹೋಗ್ಲಿ ಬಿಡು ಅನ್ನಲು "ಲೆಟ್ ಇಟ್ ಗೋ".

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ನಾವು ಬರೀ "ತಿನ್ನು" ಅನ್ನುವುದಿಲ್ಲ, "ತಿಂದುಬಿಡು" ಅನ್ನುತ್ತೇವೆ. "ಹರಿ" ಅಲ್ಲ, "ಹರಿದುಹಾಕು". ಕೆಲಸ ಪೂರ್ತಿ ಮುಗಿಯಲಿ ಎಂಬ ಒತ್ತಾಯ ಆ ಬಾಲದಲ್ಲಿದೆ. ಇಂಗ್ಲಿಷಿನ "ಅಪ್" ಎಷ್ಟೋ ಕಡೆ ಮಾಡುವುದು ಅದೇ ಕೆಲಸ: "ಈಟ್ ಅಪ್", "ಟೇರ್ ಅಪ್", "ಫಿನಿಶ್ ಅಪ್". ಎಲ್ಲ "ಅಪ್"ಗೂ ಈ ಸೂತ್ರ ಕೂರುವುದಿಲ್ಲ. "ಶೋ ಅಪ್" ಎಂದರೆ ಬಂದು ಮುಖ ತೋರಿಸುವುದು, "ಲುಕ್ ಅಪ್" ಎಂದರೆ ಡಿಕ್ಷನರಿಯಲ್ಲೋ ಫೋನಿನಲ್ಲೋ ಹುಡುಕುವುದು. ಆದರೂ ಅರ್ಧ ಭಾರ ಇಳಿಯುತ್ತದೆ.

ಎಡವುವ ಜಾಗ ಎರಡು. "ಇಟ್" ಬಂದರೆ ಅದು ನಡುವೆ ಕೂರಬೇಕು: "ಟರ್ನ್ ಇಟ್ ಆಫ್" ಸರಿ, "ಟರ್ನ್ ಆಫ್ ಇಟ್" ತಪ್ಪು. ಎರಡನೆಯದು ಹತ್ತುವ, ಇಳಿಯುವ ವಿಷಯ. ಎದ್ದು ನಿಂತು ಓಡಾಡಬಹುದಾದ ರೈಲು, ಬಸ್ಸು, ವಿಮಾನಕ್ಕೆ "ಗೆಟ್ ಆನ್", "ಗೆಟ್ ಆಫ್". ಬಗ್ಗಿ ಒಳಗೆ ಕೂರುವ ಕಾರು, ಟ್ಯಾಕ್ಸಿ, ರಿಕ್ಷಾಕ್ಕೆ "ಗೆಟ್ ಇನ್", "ಗೆಟ್ ಔಟ್". ರೈಲಿನ ಬಾಗಿಲಲ್ಲಿ ಕೇಳಿಬರುವ "ಅಂಧೇರಿ ಉತರನಾ ಹೈ ಕ್ಯಾ" ಎಂಬುದು "ಆರ್ ಯೂ ಗೆಟಿಂಗ್ ಆಫ್ ಅಟ್ ಅಂಧೇರಿ?" "ಗೆಟಿಂಗ್ ಡೌನ್" ಅಂದರೂ ಇಲ್ಲಿ ಜಾಗ ಬಿಡುತ್ತಾರೆ, ಲಂಡನ್ನಿನವರು ಬಗ್ಗಬೇಕೇನೋ ಅಂದುಕೊಂಡಾರು.

"ಕೊಡಿ"ಯಲ್ಲಿರುವ "ಇ" ಎಲ್ಲಿ ಹೋಯಿತು?

ಮಾರ್ಗದರ್ಶಿಯಲ್ಲಿ ಇದೊಂದೇ ಭಾಗ ಓದಿದರೂ ಸಾಕು ಎನ್ನಬಹುದಾದಷ್ಟು ಇದು ಮುಖ್ಯ. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ತುದಿಯಲ್ಲಿ. "ಕೊಡು" ಅನ್ನುವುದಕ್ಕೂ "ಕೊಡಿ" ಅನ್ನುವುದಕ್ಕೂ ಒಂದಕ್ಷರದ ವ್ಯತ್ಯಾಸ, ಹುಬ್ಬಳ್ಳಿ ಕಡೆಯವರಾದರೆ ಮೇಲೊಂದು "ರೀ". ಇಂಗ್ಲಿಷಿಗೆ ಹೋಗುವಾಗ ಆ "ಇ", ಆ "ರೀ" ಎರಡೂ ಉದುರಿಹೋಗಿ "ಗಿವ್" ಒಂದೇ ಉಳಿಯುತ್ತದೆ. ಮನಸ್ಸಿನಲ್ಲಿ "ಕೂತ್ಕೊಳ್ಳಿ" ಇರುತ್ತದೆ, ಬಾಯಿಂದ "ಸಿಟ್" ಬರುತ್ತದೆ. ನಾಯಿಗೆ ಹೇಳುವ ಮಾತು ಅದು.

"ಪ್ಲೀಸ್" ಸೇರಿಸಿದರೆ ಸರಿಹೋಗುತ್ತದೆ ಎಂಬುದು ಅರ್ಧ ನಿಜ. "ಪ್ಲೀಸ್ ಸೆಂಡ್ ದ ಫೈಲ್" ಈಗಲೂ ಆಜ್ಞೆಯೇ. ಮರ್ಯಾದೆ ಬರುವುದು ಪ್ರಶ್ನೆಯ ರೂಪದಿಂದ: "ಕುಡ್ ಯೂ ಸೆಂಡ್ ಮೀ ದ ಫೈಲ್?" ಇನ್ನೂ ಮೆತ್ತಗೆ ಬೇಕಾದರೆ "ವುಡ್ ಯೂ ಮೈಂಡ್ ಸೆಂಡಿಂಗ್ ಮೀ ದ ಫೈಲ್?" ಈ ಕೊನೆಯದಕ್ಕೆ ಒಪ್ಪಿಗೆಯ ಉತ್ತರ "ನೋ, ನಾಟ್ ಅಟ್ ಆಲ್". "ಯೆಸ್" ಅಂದರೆ ನನಗೆ ಬೇಸರ ಎಂದಾಗುತ್ತದೆ.

ಹೋಟೆಲಿನ ಒಂದು ಮೇಜಿನ ಬಳಿ ನಿಂತು ನೋಡೋಣ. ಗಿರಾಕಿ ಬಂದಿದ್ದಾರೆ. "ಏನ್ ಬೇಕು ಸಾರ್?" ಎಂಬ ನಮ್ಮ ನಯವಾದ ಮಾತು "ವಾಟ್ ಡು ಯೂ ವಾಂಟ್?" ಆದರೆ ಜಗಳಕ್ಕೆ ಕರೆದಂತೆ. ಅಲ್ಲಿ ಬೇಕಾದದ್ದು "ವಾಟ್ ಕ್ಯಾನ್ ಐ ಗೆಟ್ ಯೂ?" ಅವರು "ಕ್ಯಾನ್ ಐ ಗೆಟ್ ಎ ಮಸಾಲಾ ದೋಸಾ, ಅಂಡ್ ಕುಡ್ ಯೂ ಗೋ ಈಸಿ ಆನ್ ದ ಚಿಲೀಸ್?" ಅನ್ನುತ್ತಾರೆ. "ಗೋ ಈಸಿ ಆನ್" ಎಂದರೆ ಕೈ ಹಿಡಿದು ಹಾಕಿ, ಖಾರ ಕಡಿಮೆ. "ಶೂರ್, ನಾಟ್ ಎ ಪ್ರಾಬ್ಲಮ್" ಅನ್ನಿ. ತಡವಾದರೆ "ವೇಟ್" ಅಲ್ಲ, "ಇಟ್ಸ್ ಆನ್ ಇಟ್ಸ್ ವೇ". ಮೊಸರು ಮುಗಿದಿದ್ದರೆ "ಕರ್ಡ್ ಈಸ್ ಓವರ್" ಬೇಡ, "ಸಾರಿ, ವೀ ಹ್ಯಾವ್ ರನ್ ಔಟ್ ಆಫ್ ಯೋಗರ್ಟ್". ತಿಂದು ಮುಗಿಸಿದ ಮೇಲೆ "ಫಿನಿಶ್ಡ್?" ಅನ್ನುವ ಬದಲು "ಕ್ಯಾನ್ ಐ ಟೇಕ್ ದಟ್ ಫಾರ್ ಯೂ?" ಬಿಲ್ಲಿಗೆ ಅಮೆರಿಕದವರು "ಚೆಕ್" ಅನ್ನುತ್ತಾರೆ, ಬ್ಯಾಂಕಿನ ಚೆಕ್ಕಲ್ಲ. ನಾವು "ಪಾರ್ಸೆಲ್" ಅನ್ನುವುದು ಅವರಿಗೆ "ಟು ಗೋ", ಬ್ರಿಟನ್ನಿನವರಿಗೆ "ಟೇಕ್‌ಅವೇ".

ಬಹುವಚನದ ಮರ್ಯಾದೆಯಲ್ಲೂ ಒಂದು ಗುಂಡಿ ಇದೆ. "ನೀವೆಲ್ಲ ಯಾವಾಗ ಬರ್ತೀರಿ" ಎಂಬುದನ್ನು "ವೆನ್ ವಿಲ್ ಯೂ ಪೀಪಲ್ ಕಮ್" ಅಂದುಬಿಡುತ್ತೇವೆ. ಅಮೆರಿಕದವರ ಕಿವಿಗೆ "ಯೂ ಪೀಪಲ್" ಎಂಬುದು "ನಿಮ್ಮಂಥ ಜನ" ಎಂದು ಹೀಗಳೆದಂತೆ. "ಯೂ ಗೈಸ್", "ಯೂ ಆಲ್", ಮೀಟಿಂಗಿನಲ್ಲಾದರೆ "ಯುವರ್ ಟೀಮ್" ಎನ್ನಿ. ಚಾಟಿನಲ್ಲಿ ಕ್ಲೈಂಟಿಗೆ "ಹಾಯ್ ಡಿಯರ್" ಬೇಡವೇ ಬೇಡ. ಅಣ್ಣ, ಅಕ್ಕ, ಅಂಕಲ್, ಆಂಟಿ ಯಾವುದೂ ಅಲ್ಲಿ ಓಡುವುದಿಲ್ಲ. ವಯಸ್ಸಿನಲ್ಲಿ ಇಪ್ಪತ್ತು ವರ್ಷ ದೊಡ್ಡವರನ್ನೂ ಬರೀ ಹೆಸರಿನಿಂದ ಕರೆಯಬೇಕು. ನಾಲಿಗೆ ಒಗ್ಗಲು ತಿಂಗಳೇ ಹಿಡಿಯುತ್ತದೆ.

ಇಲ್ಲ ಎಂಬ ಪ್ರಶ್ನೆಗೆ ಉತ್ತರವೂ ತಿರುಗುಮುರುಗು. "ನಾಳೆ ಬರಲ್ವಾ?" ಅಂದರೆ "ಹೂಂ, ಬರಲ್ಲ" ಅನ್ನುತ್ತೇವೆ. "ಆರಂಟ್ ಯೂ ಕಮಿಂಗ್?" ಅಂದಾಗ "ಯೆಸ್" ಅಂದರೆ ಬರುತ್ತೇನೆ ಎಂದೇ ಅರ್ಥ. ಬರದಿದ್ದರೆ "ನೋ". ಫೋನಿನಲ್ಲಿ ಈ ಒಂದು ಗೊಂದಲದಿಂದ ಮೀಟಿಂಗು ತಪ್ಪಿಹೋಗಬಹುದು, ಆದ್ದರಿಂದ ಒಂಟಿ "ಯೆಸ್, ನೋ" ಬಿಟ್ಟು "ನೋ, ಐ ಕಾಂಟ್ ಮೇಕ್ ಇಟ್" ಎಂದು ಪೂರ್ತಿ ಹೇಳಿ.

ಇಲ್ಲಿ ಓಡುವ ನಾಣ್ಯ, ಹೊರಗೆ ಓಡದ ನಾಣ್ಯ

ಭಾರತದ ಇಂಗ್ಲಿಷ್ ತಪ್ಪು ಇಂಗ್ಲಿಷಲ್ಲ. ನಮ್ಮ "ಅಯ್ಯೋ" 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಸೇರಿತು. ಮುಂಬಯಿಯ "ಚಾಲ್", "ಡಬ್ಬಾ" 2020ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ ನಿಘಂಟಿನಲ್ಲಿ ಬಂದವು. ಹಾಗೆಂದು ಮ್ಯಾಂಚೆಸ್ಟರಿನ ಮನುಷ್ಯನಿಗೆ ಅರ್ಥವಾಗುತ್ತದೆ ಎಂದೇನಲ್ಲ. ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಇದಕ್ಕೆ ಬಿಡಿ: ಎಡಕ್ಕೆ ಇಲ್ಲಿನ ಮಾತು, ಬಲಕ್ಕೆ ಹೊರಗಿನದು.

"ಪಾಸ್ಡ್ ಔಟ್ ಇನ್ 2015" ಅಂದರೆ ನಮಗೆ ಡಿಗ್ರಿ ಮುಗಿಯಿತು, ಅವರಿಗೆ ಪ್ರಜ್ಞೆ ತಪ್ಪಿತು. "ಔಟ್ ಆಫ್ ಸ್ಟೇಷನ್" ಬದಲು "ಔಟ್ ಆಫ್ ಟೌನ್". "ಟುಡೇ ಮಾರ್ನಿಂಗ್" ಬದಲು "ದಿಸ್ ಮಾರ್ನಿಂಗ್", "ಯೆಸ್ಟರ್‌ಡೇ ನೈಟ್" ಬದಲು "ಲಾಸ್ಟ್ ನೈಟ್". ಎರಡು ದಿನದಿಂದ ತಲೆನೋವು ಎನ್ನಲು "ಸಿನ್ಸ್ ಟೂ ಡೇಸ್" ಅಲ್ಲ, "ಫಾರ್ ಟೂ ಡೇಸ್". "ಡೌಟ್ ಇದೆ" ಅಂದರೆ ಅವರಿಗೆ ನಂಬಿಕೆ ಇಲ್ಲ ಎಂದು ಕೇಳಿಸುತ್ತದೆ, "ಕ್ವೆಶ್ಚನ್" ಅನ್ನಿ. ಕನ್ನಡಿಗರ "ಕರೆಂಟ್ ಹೋಯ್ತು", ಮುಂಬಯಿಯ "ಲೈಟ್ ಗಯಾ", ಎರಡಕ್ಕೂ "ದ ಪವರ್ಸ್ ಔಟ್". ಊರಲ್ಲಿ "ಕವರ್" ಅನ್ನುವುದು ಇಲ್ಲಿಯ ಅಂಗಡಿಯವರಿಗೇ ತಿಳಿಯುವುದಿಲ್ಲ, "ಬ್ಯಾಗ್" ಸಾಕು. ರಬ್ಬರು ಕೇಳುವಾಗ "ಇರೇಸರ್" ಎನ್ನಿ. ಅಮೆರಿಕದಲ್ಲಿ "ರಬ್ಬರ್" ಎಂದರೆ ಕಾಂಡೋಮ್. ಅಡುಗೆಮನೆಯಲ್ಲಿ ಬ್ರಿಂಜಾಲ್ ಅಮೆರಿಕಕ್ಕೆ "ಎಗ್‌ಪ್ಲಾಂಟ್", ಬ್ರಿಟನ್ನಿಗೆ "ಓಬರ್ಜೀನ್". ಲೇಡೀಸ್ ಫಿಂಗರ್ ಎಂಬುದು "ಓಕ್ರಾ". ಲಕ್ಷ, ಕೋಟಿ ಎಂದು ಹೊರಗಿನವರ ಮುಂದೆ ಹೇಳಬೇಡಿ; ಹತ್ತು ಲಕ್ಷ ಒಂದು ಮಿಲಿಯನ್, ಒಂದು ಕೋಟಿ ಹತ್ತು ಮಿಲಿಯನ್.

ಎದುರಿನವರು ಬ್ರಿಟನ್ನಿನವರೋ ಅಮೆರಿಕದವರೋ ಎಂಬುದನ್ನೂ ತಿಳಿದಿರಿ. ಗೋವಾದಲ್ಲಿ ಬ್ರಿಟಿಷ್ ಪ್ರವಾಸಿ "ಯೂ ಆಲ್‌ರೈಟ್?" ಅಂದರೆ ನಿಮ್ಮ ಆರೋಗ್ಯದ ಚಿಂತೆಯಲ್ಲ, ಬರೀ ನಮಸ್ಕಾರ, "ಯಾ, ಯೂ?" ಎಂದರೆ ಮುಗಿಯಿತು. ಅವರ "ಚಿಯರ್ಸ್" ಎಷ್ಟೋ ಸಲ ಥ್ಯಾಂಕ್ಸ್. "ಹಾಫ್ ಫೈವ್" ಎಂದರೆ ಐದೂವರೆ, ನಾಲ್ಕೂವರೆಯಲ್ಲ. "ಪಿಸ್ಡ್" ಎಂಬುದು ಅವರಲ್ಲಿ ಕುಡಿದು ತೂರಾಡುವುದು, ಅಮೆರಿಕದಲ್ಲಿ ಸಿಟ್ಟಾಗುವುದು. ಎರಡೂ ಕಡೆ ನೀವು ಬಳಸದಿರುವುದೇ ವಾಸಿ. ಮೀಟಿಂಗಿನಲ್ಲಿ "ಲೆಟ್ಸ್ ಟೇಬಲ್ ಇಟ್" ಅಂದರೆ ಬ್ರಿಟನ್ನಿನಲ್ಲಿ ಈಗ ಚರ್ಚೆಗೆ ತೆಗೆದುಕೊಳ್ಳೋಣ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ. ಪುಣೆಯಿಂದ ಎರಡೂ ದೇಶದವರ ಜೊತೆ ಒಂದೇ ಕಾಲ್ ಇದ್ದರೆ ಆ ಮಾತನ್ನೇ ಬಿಟ್ಟುಬಿಡಿ.

ಬೈಗುಳ, ಹೊಸ ಸ್ಲ್ಯಾಂಗು ಅರ್ಥವಾದರೆ ಸಾಕು, ಆಡುವುದು ಬೇಡ. ಹುಡುಗರ ಸ್ಲ್ಯಾಂಗು ಬೇಗ ಹಳಸುತ್ತದೆ. ಎರಡು ವರ್ಷ ತಡವಾಗಿ ಬಳಸಿದರೆ ಮದುವೆಯ ಮರುದಿನ ಉಡುಗೊರೆ ತಂದ ಹಾಗೆ. "ಕ್ಯಾಟ್ಸ್ ಅಂಡ್ ಡಾಗ್ಸ್" ಎಂದು ಮಳೆ ಸುರಿಸುವುದನ್ನೂ ನಿಲ್ಲಿಸಿ, ಜುಲೈ ತಿಂಗಳ ಮುಂಬಯಿಗೆ "ಇಟ್ಸ್ ಪೋರಿಂಗ್" ಸರಿಯಾದ ಮಾತು. ವಾಟ್ಸಾಪಿನಲ್ಲಿ ಬರೀ "ಕೆ", ಬರೀ "ನೋಟೆಡ್" ಸಿಡುಕಿನಂತೆ ಓದಿಸಿಕೊಳ್ಳುತ್ತವೆ. "ಗಾಟ್ ಇಟ್, ಥ್ಯಾಂಕ್ಸ್" ಎಂದರೆ ಎರಡು ಪದ ಹೆಚ್ಚು, ಅಷ್ಟೆ.

ಐದು ಖಾನೆಯ ಡಬ್ಬ

ಕಲಿತದ್ದು ಬೇಗ ಮರೆಯುತ್ತದೆ, ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿಕೊಂಡರೆ ಉಳಿಯುತ್ತದೆ. ಮರೆವಿನ ಈ ಲೆಕ್ಕವನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ಪ್ರಕಟಿಸಿದರು. 1970ರ ದಶಕದಲ್ಲಿ ಲೈಟ್ನರ್ ಎಂಬವರು ಅದಕ್ಕೊಂದು ಪೆಟ್ಟಿಗೆಯ ರೂಪ ಕೊಟ್ಟರು. ಅದಕ್ಕೆ ಮನೆಯ ಖಾಲಿ ಸ್ವೀಟ್ ಬಾಕ್ಸ್ ಸಾಕು.

ರಟ್ಟು ಅಡ್ಡ ನಿಲ್ಲಿಸಿ ಐದು ಖಾನೆ ಮಾಡಿ. ಎ4 ಹಾಳೆಯನ್ನು ಎಂಟು ತುಂಡು ಮಾಡಿದರೆ ಎಂಟು ಚೀಟಿ. ಚೀಟಿಯ ಮುಂದೆ ಕನ್ನಡದ ಸಂದರ್ಭ, ಹಿಂದೆ ಇಂಗ್ಲಿಷ್ ಮಾತು. ಮುಂದೆ ಇಂಗ್ಲಿಷ್ ಬರೆದು ಹಿಂದೆ ಅರ್ಥ ಬರೆಯುವುದೇ ಎಲ್ಲರೂ ಮಾಡುವ ತಪ್ಪು. ಹಾಗೆ ಕಲಿತದ್ದು ಕೇಳಿದಾಗ ಅರ್ಥವಾಗುತ್ತದೆ, ಬೇಕಾದಾಗ ಬಾಯಿಗೆ ಬರುವುದಿಲ್ಲ. ಹೊಸ ಚೀಟಿ ಮೊದಲ ಖಾನೆಗೆ. ಮೊದಲನೆಯದನ್ನು ದಿನಾ, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತಿರುವಿ. ಗಟ್ಟಿಯಾಗಿ ಹೇಳಲು ಬಂದರೆ ಮುಂದಿನ ಖಾನೆಗೆ, ತಡವರಿಸಿದರೂ ಸೀದಾ ಮೊದಲನೆಯದಕ್ಕೆ.

ದಿನಕ್ಕೆ ಐದು ಹೊಸ ಚೀಟಿ, ವಾರಕ್ಕೆ ಆರು ದಿನ, ಮೂವತ್ತಾಯಿತು. ಮೊದಲ ಖಾನೆಯಲ್ಲಿ ನಲವತ್ತು ದಾಟಿತೋ, ಹೊಸದು ನಿಲ್ಲಿಸಿ. ಉತ್ಸಾಹದಲ್ಲಿ ಮೊದಲ ದಿನವೇ ಐವತ್ತು ಚೀಟಿ ಬರೆದವರ ಡಬ್ಬ ಮೂರನೇ ವಾರಕ್ಕೆ ಅಟ್ಟ ಸೇರುತ್ತದೆ. ಫೋನೇ ಇಷ್ಟವಿದ್ದರೆ ಆಂಕಿ ಎಂಬ ಆ್ಯಪ್ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಖಾನೆಗಳ ಲೆಕ್ಕ ಅದೇ ಇಟ್ಟುಕೊಳ್ಳುತ್ತದೆ.

ಬಾಯಿ ತೆರೆಯುವ ಏಳು ನಿಮಿಷ

ವಾರಕ್ಕೆ ಮೂರೇ ಮಾತು ಆರಿಸಿ, ನಿಜವಾದ ಮನುಷ್ಯರ ಮುಂದೆ ಬಳಸಿ. ಯಾರೂ ಸಿಗದಿದ್ದರೆ, ಅಂದು ನಡೆದದ್ದನ್ನು ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಎಲ್ಲೆಲ್ಲಿ ಅಂತೆ, ಒಂಥರಾ, ಪಾಪ, ಬಿಡು ಬಂತೋ ಇಂಗ್ಲಿಷಿನಲ್ಲೂ ಅಲ್ಲೊಂದು ಸಣ್ಣ ಪದ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ನಾಳೆಯ ಐದು ಚೀಟಿ ಅಲ್ಲೇ ಸಿಕ್ಕವು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ, ಇದನ್ನೇ ಕಲಿಯುತ್ತಿರುವ ಇನ್ನೊಬ್ಬರ ಜೊತೆ ವಾರಕ್ಕೊಂದು ಕಾಲ್ ಮಾತಾಡಿದರೂ ನಡೆಯುತ್ತದೆ, ಆದರೆ ಇಬ್ಬರೂ ಒಬ್ಬರ ತಪ್ಪು ಒಬ್ಬರು ಗಟ್ಟಿಮಾಡಿಕೊಳ್ಳದಂತೆ ಕೈಯಲ್ಲಿ ನೋಟ್‌ಬುಕ್ಕಿರಲಿ.

ಕೇಳಿದ್ದು ತಿಳಿಯದಿದ್ದರೆ ತಲೆಯಾಡಿಸಬೇಡಿ. "ವಾಟ್?" ಒರಟು. "ಸಾರಿ, ಐ ಮಿಸ್ಡ್ ದಟ್" ಅಥವಾ "ಸೇ ದಟ್ ಅಗೇನ್?" ಎನ್ನಿ. ಹೇಳುವಾಗ ಪದ ಸಿಗದೆ ನಿಂತುಹೋದರೆ ಅದಕ್ಕೂ ದಾರಿ ಇದೆ. ನಾವು "ಅದೇನಂತಾರಲ್ಲ, ಅದು" ಎಂದು ಕೈ ತಿರುಗಿಸುವಂತೆ ಅವರೂ ನಿಂತುಹೋಗುತ್ತಾರೆ. ಆಗ ಅಮೆರಿಕದವರ ಬಾಯಲ್ಲಿ ಬರುವ ಒಂದು ಪದ "ವಾಚಮಕಾಲಿಟ್". "ವಾಟ್ ಯೂ ಮೇ ಕಾಲ್ ಇಟ್" ಎಂಬ ಐದು ಪದ ಸಂಧಿಯಾಗಿ ಆದದ್ದು ಅದು, ಡಿಕ್ಷನರಿಯಲ್ಲೂ ಇದೆ. ಮೂರನೇ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಹೇಳಬೇಕಾಗಿಲ್ಲ.